ಇನ್ನೊಂದು ಸೌಟು ಗಂಜಿ ಕೇಳಿದ್ದಕ್ಕೆ ಅಷ್ಟು ಹೊಡೆತ ಯಾಕೆ? ‘ಆಲಿವರ್ ಟ್ವಿಸ್ಟ್’ ಕಾದಂಬರಿಯ ಹಸಿವಿನ ಹಿಂದೆ ಏನಿತ್ತು

ಅಕ್ಕನ ಮಗಳು ಎಂಟನೇ ಕ್ಲಾಸು. ಹೋದ ವಾರ ಇಂಗ್ಲಿಷ್ ಪಾಠ ಓದುತ್ತಾ ಕೂತಿದ್ದವಳು ಪುಸ್ತಕ ಮಡಚಿ ಕೇಳಿದಳು. "ಚಿಕ್ಕಮ್ಮ, ಈ ಹುಡುಗ ಇನ್ನೂ ಸ್ವಲ್ಪ ಗಂಜಿ ಕೊಡಿ ಅಂತ ಕೇಳಿದ, ಅಷ್ಟೇ ತಾನೆ? ಅದಕ್ಕೆ ಯಾಕೆ ಅಷ್ಟು ಹೊಡೀತಾರೆ?"

"ಅವರು ಕೆಟ್ಟವರು ಪುಟ್ಟಾ" ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. "ಅಲ್ಲಿರೋರೆಲ್ಲಾ ಕೆಟ್ಟೋರೇನಾ?" ಅಂದಳು.

ಒಳ್ಳೆಯ ಪ್ರಶ್ನೆ. ಒಂದಿಡೀ ಕಟ್ಟಡದಲ್ಲಿ ಕೆಟ್ಟವರೇ ಸೇರಿಕೊಂಡಿರಲು ಹೇಗೆ ಸಾಧ್ಯ? ಅವಳಿಗೆ ಸರಿಯಾದ ಉತ್ತರ ಕೊಡಬೇಕಾದರೆ ಒಂದು ಕಾನೂನಿನ ಕಥೆ ಹೇಳಬೇಕು. ಇಂಗ್ಲೆಂಡಿನಲ್ಲಿ 1834ರಲ್ಲಿ ಬಂದ ಕಾನೂನು ಅದು. ಅದು ಗೊತ್ತಿಲ್ಲದಿದ್ದರೆ ಆಲಿವರ್ ಬರೀ ಪಾಪದ ಹುಡುಗನಾಗಿ ಕಾಣುತ್ತಾನೆ. ಗೊತ್ತಾದರೆ ಅವನ ಕೈಯಲ್ಲಿರುವ ಖಾಲಿ ಬಟ್ಟಲು ಬೇರೆಯೇ ಆಗಿ ಕಾಣುತ್ತದೆ.

ಮೊದಲು ಕಥೆ

ಚಾರ್ಲ್ಸ್ ಡಿಕನ್ಸ್ ಈ ಕಾದಂಬರಿಯನ್ನು 1837ರ ಫೆಬ್ರವರಿಯಿಂದ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ. ಆಗ ಅವನಿಗೆ 25 ವರ್ಷ. ಕಾನೂನು ಬಂದು ಇನ್ನೂ ಮೂರು ವರ್ಷ ಆಗಿರಲಿಲ್ಲ. ಅಂದರೆ ಅವನು ಹಳೆಯ ಕಾಲದ ಕಥೆ ಹೇಳುತ್ತಿರಲಿಲ್ಲ. ಓದುಗರ ಪಕ್ಕದ ಬೀದಿಯಲ್ಲಿ ಆಗ ನಡೆಯುತ್ತಿದ್ದುದನ್ನೇ ಬರೆಯುತ್ತಿದ್ದ.

ಆಲಿವರ್ ಹುಟ್ಟುವುದು ವರ್ಕ್‌ಹೌಸ್ ಎಂಬ ಜಾಗದಲ್ಲಿ. ತಾಯಿ ಹೆತ್ತ ಕೂಡಲೇ ಸಾಯುತ್ತಾಳೆ. ಹೆಸರು ಇಡುವವರು ಯಾರೂ ಇಲ್ಲ. ಬಂಬಲ್ ಎಂಬ ಊರ ಅಧಿಕಾರಿ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹೆಸರಿಡುತ್ತಾನೆ. ಹಿಂದಿನ ಮಗುವಿಗೆ ‘ಎಸ್’ ಅಕ್ಷರದ ಹೆಸರು ಬಂದಿತ್ತು. ಇವನ ಸರದಿಗೆ ‘ಟಿ’ ಬಂತು, ಟ್ವಿಸ್ಟ್ ಆಯಿತು. ಮುಂದೆ ಹುಟ್ಟುವ ಮಗುವಿಗೆ ‘ಯು’ ಅಕ್ಷರದ ಹೆಸರು ಆಗಲೇ ತಯಾರಿದೆ. ದಾಸ್ತಾನು ಪುಸ್ತಕದಲ್ಲಿ ಸಾಮಾನಿಗೆ ನಂಬರು ಹಾಕಿದ ಹಾಗೆ.

ವರ್ಕ್‌ಹೌಸ್ ಅಂದರೆ ಏನು?

ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂಬ ಸಣ್ಣ ಆಡಳಿತ ಘಟಕ ಇತ್ತು. ಒಂದು ಚರ್ಚು, ಅದರ ಸುತ್ತಲ ಊರು. ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಅಂದುಕೊಳ್ಳಿ. 1601ರ ಒಂದು ಕಾಯ್ದೆಯ ಪ್ರಕಾರ ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕಿತ್ತು. ಜಮೀನು, ಮನೆ ಇದ್ದವರಿಂದ ತೆರಿಗೆ ಎತ್ತಿ, ಕೈಲಾಗದವರಿಗೆ ಹಣ, ಬ್ರೆಡ್ಡು, ಬಟ್ಟೆ ಕೊಡುತ್ತಿದ್ದರು. ಜಾಸ್ತಿ ಜನಕ್ಕೆ ಈ ನೆರವು ಅವರ ಮನೆಯಲ್ಲೇ ಸಿಗುತ್ತಿತ್ತು.

1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧ ಮುಗಿಯಿತು. ಸೈನಿಕರು ಕೆಲಸವಿಲ್ಲದೆ ಊರಿಗೆ ಬಂದರು. ಹಳ್ಳಿಗಳಲ್ಲಿ ಕೂಲಿ ಬಿತ್ತು. ನೆರವು ಕೇಳುವವರು ಜಾಸ್ತಿಯಾದರು, ತೆರಿಗೆ ಏರಿತು. ತೆರಿಗೆ ಕಟ್ಟುವವರು ಗೊಣಗತೊಡಗಿದರು. ಸುಮ್ನೆ ಕೂತು ತಿನ್ನುವವರಿಗೆ ನಾವು ಯಾಕೆ ದುಡ್ಡು ಕೊಡಬೇಕು ಎಂಬ ಮಾತು ಎಲ್ಲಾ ಕಡೆ ಕೇಳಿಬಂತು.

1834ರ ಹೊಸ ಕಾಯ್ದೆ ಹುಟ್ಟಿದ್ದು ಈ ಗೊಣಗಾಟದಿಂದ. ಹಲವು ಪ್ಯಾರಿಷ್‌ಗಳನ್ನು ಸೇರಿಸಿ ಒಂದೊಂದು ಒಕ್ಕೂಟ ಮಾಡಿದರು. ಒಕ್ಕೂಟಕ್ಕೊಂದು ಆಡಳಿತ ಮಂಡಳಿ, ಮಂಡಳಿಯ ಕೆಳಗೆ ಒಂದು ದೊಡ್ಡ ಕಟ್ಟಡ. ಅದೇ ವರ್ಕ್‌ಹೌಸ್. ದುಡಿಯುವ ಶಕ್ತಿ ಇರುವವನಿಗೆ ನೆರವು ಬೇಕೆಂದರೆ ಮನೆ ಬಿಟ್ಟು ಅದರೊಳಗೆ ಬಂದು ಇರಬೇಕು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ಗಂಡ ಹೆಂಡತಿ ಒಟ್ಟಿಗೆ ಇರುವ ಹಾಗಿಲ್ಲ. ಎಲ್ಲರಿಗೂ ಒಂದೇ ಥರದ ಬಟ್ಟೆ. ಕೆಲಸ ಕಡ್ಡಾಯ. ಆಲಿವರ್‌ಗೆ ಸಿಕ್ಕ ಕೆಲಸ ಹಳೆಯ ಹಡಗಿನ ಹಗ್ಗಗಳನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸುವುದು. ಬೆಳಿಗ್ಗೆ ಆರಕ್ಕೆ ಶುರು ಮಾಡಬೇಕು. ವಯಸ್ಸು ಒಂಬತ್ತು.

ಇಡೀ ವ್ಯವಸ್ಥೆಯ ಬುಡದಲ್ಲಿ ಒಂದು ಸೂತ್ರ ಇತ್ತು. ಇದನ್ನು ಸರಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲಾ ಅರ್ಥವಾಗುತ್ತದೆ. ಒಳಗಿರುವವನ ಬದುಕು, ಹೊರಗೆ ಕೂಲಿ ಮಾಡಿ ಬದುಕುವ ಅತಿ ಬಡವನ ಬದುಕಿಗಿಂತ ಕೆಳಗೇ ಇರಬೇಕು.

ಒಂದು ಛತ್ರ ಇದೆ ಅಂದುಕೊಳ್ಳಿ. ಊಟ ಚೆನ್ನಾಗಿದ್ದರೆ ಜನ ಬರುತ್ತಾರೆ, ಖರ್ಚು ಏರುತ್ತದೆ. ಖರ್ಚು ಇಳಿಸಲು ಛತ್ರದವರು ಬೇಕೆಂದೇ ಸಾರಿಗೆ ನೀರು ಬೆರೆಸುತ್ತಾರೆ, ಮಲಗಲು ಚಾಪೆ ಕೊಡುವುದಿಲ್ಲ, ಬಂದವರನ್ನು ಬೈಯುತ್ತಾರೆ. ಬೇರೆ ದಾರಿ ಇರುವವರು ಹೋಗಿಬಿಡುತ್ತಾರೆ. "ನೋಡಿ, ಎಷ್ಟು ಜನ ಕಡಿಮೆಯಾದರು" ಎಂದು ಲೆಕ್ಕ ತೋರಿಸಬಹುದು. ವರ್ಕ್‌ಹೌಸಿನ ಉಪಾಯವೂ ಇದೇ.

ಇದರಲ್ಲಿ ಎರಡು ತೊಡಕುಗಳಿವೆ. ಹೊರಗಿನ ಕೂಲಿಯವನೇ ಅರೆಹೊಟ್ಟೆಯಲ್ಲಿದ್ದಾನೆ. ಅವನಿಗಿಂತಲೂ ಕೆಳಗೆ ಅಂದರೆ ಏನು ಉಳಿಯಿತು? ಇನ್ನೊಂದು, ಮಕ್ಕಳು. ಸೋಮಾರಿಗಳನ್ನು ಓಡಿಸಲು ಮಾಡಿದ ನಿಯಮ ಅದು. ಒಂಬತ್ತು ವರ್ಷದ ಅನಾಥ ಹುಡುಗ ಎಲ್ಲಿಗೆ ಓಡಬೇಕು?

ಬಟ್ಟಲಿನಲ್ಲಿ ಏನಿತ್ತು?

ಕಾದಂಬರಿಯ ಮಂಡಳಿಯವರು ಮಾಡುವ ಏರ್ಪಾಡನ್ನು ಡಿಕನ್ಸ್ ಹೀಗೆ ಹೇಳುತ್ತಾನೆ. ನೀರು ಸರಬರಾಜು ಮಾಡುವವರ ಜೊತೆ ಎಷ್ಟು ಬೇಕಾದರೂ ನೀರು ಕೊಡುವ ಒಪ್ಪಂದ. ಧಾನ್ಯದ ವ್ಯಾಪಾರಿಯ ಜೊತೆ ಆಗಾಗ ಸ್ವಲ್ಪ ಸ್ವಲ್ಪ ಓಟ್ಸ್ ಹಿಟ್ಟು ಕೊಡುವ ಒಪ್ಪಂದ. ಎರಡೂ ಸೇರಿದರೆ ದಿನಕ್ಕೆ ಮೂರು ಹೊತ್ತು ತೆಳು ಗಂಜಿ. ವಾರಕ್ಕೆ ಎರಡು ಸಲ ಒಂದು ಈರುಳ್ಳಿ. ಭಾನುವಾರ ಅರ್ಧ ಬನ್ನು.

ಗಂಜಿ ಅಂದ ಕೂಡಲೇ ನಮಗೆ ರಾಗಿ ಅಂಬಲಿ ನೆನಪಾಗುತ್ತದೆ. ಮಜ್ಜಿಗೆ ಹಾಕಿ, ಉಪ್ಪು ಹಾಕಿ, ಈರುಳ್ಳಿ ಕಚ್ಚಿಕೊಂಡು ಕುಡಿದರೆ ಹೊಟ್ಟೆ ತಂಪಾಗುವ, ಹೊಲಕ್ಕೆ ಹೋಗಲು ಕಸುವು ಕೊಡುವ ಅಂಬಲಿ. ಅದನ್ನು ಇಲ್ಲಿ ಮರೆತುಬಿಡಿ. ಇದು ಅನ್ನ ಬಸಿದಾಗ ಕೆಳಗೆ ಇಳಿಯುವ ತಿಳಿಯ ಹಾಗೆ. ಒಬ್ಬ ಹುಡುಗನಿಗೆ ಒಂದು ಸಣ್ಣ ಬಟ್ಟಲು, ಅದಕ್ಕಿಂತ ಒಂದು ತೊಟ್ಟೂ ಜಾಸ್ತಿ ಇಲ್ಲ. ದೊಡ್ಡ ಸಾರ್ವಜನಿಕ ಸಂಭ್ರಮದ ದಿನ ಮಾತ್ರ ಜೊತೆಗೆ ಎರಡೂಕಾಲು ಔನ್ಸ್ ಬ್ರೆಡ್ಡು. ಸುಮಾರು 64 ಗ್ರಾಂ.

ಆಮೇಲೆ ಬರುವ ಒಂದು ಸಾಲು ನನ್ನನ್ನು ಯಾವತ್ತೂ ಬಿಟ್ಟಿಲ್ಲ. ಆ ಬಟ್ಟಲುಗಳನ್ನು ತೊಳೆಯುವ ಅಗತ್ಯವೇ ಇರಲಿಲ್ಲವಂತೆ. ಹುಡುಗರು ಚಮಚದಿಂದ ಕೆರೆದು ಕೆರೆದು ಬಟ್ಟಲು ಫಳಫಳ ಹೊಳೆಯುತ್ತಿತ್ತು. ಅದು ಮುಗಿದ ಮೇಲೆ ಗಂಜಿ ಕಾಯಿಸುವ ದೊಡ್ಡ ಹಂಡೆಯನ್ನು, ಅದನ್ನು ಕೂರಿಸಿದ ಇಟ್ಟಿಗೆಯನ್ನೂ ತಿಂದುಬಿಡುವವರ ಹಾಗೆ ನೋಡುತ್ತಾ ಬೆರಳು ಚೀಪುತ್ತಿದ್ದರು. ಹಸಿವು ಎಂಬ ಪದವನ್ನು ಹತ್ತು ಸಲ ಬರೆದಿದ್ದರೂ ಆ ಹೊಳೆಯುವ ಬಟ್ಟಲು ಹೇಳುವಷ್ಟು ಹೇಳಲು ಆಗುತ್ತಿರಲಿಲ್ಲ.

ಡಿಕನ್ಸ್ ಇದನ್ನೆಲ್ಲ ಹೇಳುವಾಗ ಮಂಡಳಿಯವರನ್ನು ‘ಬಹಳ ವಿವೇಕಿಗಳು, ಆಳವಾಗಿ ಯೋಚಿಸುವವರು’ ಎಂದು ಹೊಗಳುತ್ತಾನೆ. ಮಕ್ಕಳಿಗೆ ಪಾಠ ಮಾಡುವಾಗ ಇಲ್ಲಿ ಸ್ವಲ್ಪ ನಿಲ್ಲಬೇಕು. ಅದು ಹೊಗಳಿಕೆಯ ಬಟ್ಟೆ ತೊಟ್ಟ ಸಿಟ್ಟು. ಸಂಕ್ಷಿಪ್ತ ಪಾಠದಲ್ಲಿ ಈ ದನಿ ಬಿದ್ದುಹೋಗುತ್ತದೆ, ಬರೀ ಘಟನೆ ಉಳಿಯುತ್ತದೆ.

ಕೇಳಿದ್ದು ತಪ್ಪಾಗಿದ್ದು ಹೇಗೆ?

ಆಲಿವರ್ ಧೈರ್ಯವಂತನಾಗಿದ್ದಕ್ಕೆ ಎದ್ದು ಕೇಳಿದ ಎಂದು ಹಲವರು ಅಂದುಕೊಂಡಿದ್ದಾರೆ. ಕಥೆಯಲ್ಲಿ ಹಾಗಿಲ್ಲ. ಮೂರು ತಿಂಗಳು ಹೀಗೇ ಹೊಟ್ಟೆ ಒಣಗಿಸಿಕೊಂಡ ಮೇಲೆ ಒಬ್ಬ ಹುಡುಗ, ವಯಸ್ಸಿಗೆ ಮೀರಿ ಉದ್ದ ಬೆಳೆದವನು, ಇನ್ನೊಂದು ಬಟ್ಟಲು ಗಂಜಿ ಸಿಗದಿದ್ದರೆ ರಾತ್ರಿ ಪಕ್ಕದಲ್ಲಿ ಮಲಗುವವನನ್ನೇ ತಿಂದುಬಿಡುತ್ತೇನೇನೋ ಅನ್ನುತ್ತಾನೆ. ಅವನ ಅಪ್ಪ ಒಂದು ಸಣ್ಣ ಊಟದ ಅಂಗಡಿ ಇಟ್ಟಿದ್ದವನು. ಹೊಟ್ಟೆ ತುಂಬ ತಿಂದು ಅಭ್ಯಾಸ ಇದ್ದವನಿಗೆ ಹಸಿವು ಇನ್ನೂ ಕಷ್ಟ. ಉಳಿದವರು ಅವನ ಮಾತು ನಂಬುತ್ತಾರೆ. ಯಾರು ಹೋಗಿ ಕೇಳಬೇಕು ಎಂದು ಚೀಟಿ ಎತ್ತುತ್ತಾರೆ. ಚೀಟಿ ಬಂದದ್ದು ಆಲಿವರ್‌ಗೆ.

ಹಾಗಾಗಿ ಅವನು ಕೇಳುವುದು ಎಲ್ಲರ ಪರವಾಗಿ. ಕೇಳುವ ರೀತಿಯಲ್ಲಿ ಎಷ್ಟು ವಿನಯ ಇದೆ ನೋಡಿ. "ದಯವಿಟ್ಟು ಸರ್, ನನಗೆ ಇನ್ನೂ ಸ್ವಲ್ಪ ಬೇಕು." ಗಂಜಿ ಬಡಿಸುವವನು ದಷ್ಟಪುಷ್ಟವಾಗಿದ್ದಾನೆ. ಅವನ ಮುಖ ಬಿಳಿಚಿಕೊಳ್ಳುತ್ತದೆ. ಹಂಡೆ ಹಿಡಿದುಕೊಂಡು ನಿಲ್ಲುತ್ತಾನೆ. ಹುಡುಗ ಮತ್ತೆ ಕೇಳಿದಾಗ ಸೌಟಿನಿಂದಲೇ ತಲೆಗೆ ಹೊಡೆಯುತ್ತಾನೆ.

ಸುದ್ದಿ ಮಂಡಳಿಗೆ ಹೋಗುತ್ತದೆ. ಅಲ್ಲಿ ಅಧ್ಯಕ್ಷ ಕೇಳುವ ಪ್ರಶ್ನೆಯಲ್ಲೇ ನನ್ನ ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಇದೆ. ಊಟದ ಪಟ್ಟಿಯ ಪ್ರಕಾರ ಕೊಟ್ಟಿದ್ದನ್ನು ತಿಂದ ಮೇಲೂ ಇನ್ನೂ ಕೇಳಿದನೇ? ಹುಡುಗನಿಗೆ ಹಸಿವಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಪಟ್ಟಿ ಪ್ರಕಾರ ಕೊಟ್ಟಾಗಿದೆ ತಾನೆ? ಪಟ್ಟಿಯಲ್ಲಿ ಇಷ್ಟು ಸಾಕು ಎಂದು ಬರೆದಿದೆ. ಸಾಲದು ಅನ್ನುವ ಮಗು ಪಟ್ಟಿಯೇ ತಪ್ಪು ಅಂದ ಹಾಗಾಯಿತು. ಪಟ್ಟಿ ತಪ್ಪಾದರೆ ಅದನ್ನು ಬರೆದವರು ತಪ್ಪು, ಕಾನೂನು ತಪ್ಪು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಹುಡುಗನೇ ಕೆಟ್ಟವನು ಅನ್ನುವುದು ಸುಲಭ. ಬಿಳಿ ವೇಸ್ಟ್‌ಕೋಟಿನ ಒಬ್ಬ ದೊಡ್ಡ ಮನುಷ್ಯ ಕೂಡಲೇ ಭವಿಷ್ಯ ಹೇಳುತ್ತಾನೆ, ಈ ಹುಡುಗ ಮುಂದೆ ಗಲ್ಲಿಗೇರುತ್ತಾನೆ ಎಂದು.

ಆಮೇಲೆ ಒಂದು ವಾರ ಕತ್ತಲೆ ಕೋಣೆ. ಚಳಿಯಲ್ಲಿ ಅಂಗಳದ ಪಂಪಿನ ಕೆಳಗೆ ಸ್ನಾನ, ಜೊತೆಗೆ ಬೆತ್ತದ ಏಟು. ಎರಡು ದಿನಕ್ಕೊಮ್ಮೆ ಹುಡುಗರೆಲ್ಲ ಊಟಕ್ಕೆ ಕೂತ ಹಜಾರಕ್ಕೆ ಎಳೆದು ತಂದು ಎಲ್ಲರ ಎದುರು ಹೊಡೆತ. ಊಟದ ಹೊತ್ತನ್ನೇ ಆರಿಸಿಕೊಂಡಿದ್ದನ್ನು ಗಮನಿಸಿ. ಮುಂದೆ ಯಾರೂ ಬಟ್ಟಲು ಎತ್ತಬಾರದು.

ವಾರಕ್ಕೆ ಏಳೂವರೆ ಪೆನ್ನಿ

ಇದಕ್ಕೂ ಮುಂಚೆ, ಒಂಬತ್ತು ವರ್ಷ ತುಂಬುವವರೆಗೆ, ಆಲಿವರ್ ಇನ್ನೊಂದು ಕಡೆ ಬೆಳೆದಿರುತ್ತಾನೆ. ಪಾಠಗಳಲ್ಲಿ ಈ ಭಾಗವನ್ನು ಬಿಟ್ಟೇ ಬಿಡುತ್ತಾರೆ. ಪ್ಯಾರಿಷ್‌ನವರು ಅನಾಥ ಶಿಶುಗಳನ್ನು ಹಣ ಕೊಟ್ಟು ಯಾರಾದರೂ ಹೆಂಗಸಿನ ಹತ್ತಿರ ಸಾಕಲು ಬಿಡುತ್ತಿದ್ದರು. ಕಥೆಯಲ್ಲಿ ಅವಳು ಮಿಸೆಸ್ ಮ್ಯಾನ್. ಇಪ್ಪತ್ತು ಮೂವತ್ತು ಮಕ್ಕಳು ಅವಳ ಹತ್ತಿರ. ಒಂದು ಮಗುವಿಗೆ ವಾರಕ್ಕೆ ಏಳೂವರೆ ಪೆನ್ನಿ. ಅದೇ ಕಡಿಮೆ. ಅದರಲ್ಲೂ ಜಾಸ್ತಿ ಪಾಲನ್ನು ಅವಳು ತಾನೇ ಇಟ್ಟುಕೊಳ್ಳುತ್ತಾಳೆ.

ಹತ್ತರಲ್ಲಿ ಎಂಟೂವರೆ ಮಕ್ಕಳು ಹಸಿವಿನಿಂದಲೋ ಚಳಿಯಿಂದಲೋ ಕಾಯಿಲೆ ಬೀಳುತ್ತಿದ್ದರು, ಇಲ್ಲವೇ ನೋಡಿಕೊಳ್ಳುವವರಿಲ್ಲದೆ ಬೆಂಕಿಗೆ ಬೀಳುತ್ತಿದ್ದರು ಎಂದು ಡಿಕನ್ಸ್ ಬರೆಯುತ್ತಾನೆ. ಎಂಟೂವರೆ ಎಂಬ ಆ ಅರ್ಧ ಮಗುವನ್ನು ನೋಡಿ. ಲೆಕ್ಕ ಬರೆಯುವವರ ಭಾಷೆ ಅದು. ಮಕ್ಕಳನ್ನು ಅಂಕಿಯಾಗಿ ನೋಡುವವರ ಬಾಯಿಯಿಂದಲೇ ಅವನು ಸಾವನ್ನು ಹೇಳಿಸುತ್ತಾನೆ. ಆಲಿವರ್‌ನ ಒಂಬತ್ತನೇ ಹುಟ್ಟುಹಬ್ಬ ಬರುವಾಗ ಅವನು ಇನ್ನಿಬ್ಬರ ಜೊತೆ ಕಲ್ಲಿದ್ದಲು ತುಂಬುವ ನೆಲಮಾಳಿಗೆಯಲ್ಲಿ ಬಂದಿ. ತಪ್ಪೇನು? ಹಸಿವಾಗುತ್ತಿದೆ ಅಂದದ್ದು.

ಇಂಥ ಜಾಗ ಬರೀ ಕಲ್ಪನೆ ಅಲ್ಲ. ಕಾದಂಬರಿ ಬಂದು ಹತ್ತು ವರ್ಷದ ಮೇಲೆ, 1849ರ ಆರಂಭದಲ್ಲಿ, ಲಂಡನ್ ಹತ್ತಿರದ ಟೂಟಿಂಗ್‌ನಲ್ಲಿ ಬಡಮಕ್ಕಳನ್ನು ಗುತ್ತಿಗೆಗೆ ಸಾಕುತ್ತಿದ್ದ ಒಂದು ಸಂಸ್ಥೆಗೆ ಕಾಲರಾ ಬಂತು. ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಅಲ್ಲಿ ತುಂಬಿದ್ದರು. ಸುಮಾರು 180 ಮಕ್ಕಳು ಸತ್ತರು. ನಡೆಸುತ್ತಿದ್ದವನ ಮೇಲೆ ಮೊಕದ್ದಮೆ ಆಯಿತು, ಅವನು ಖುಲಾಸೆಯಾದ. ಡಿಕನ್ಸ್ ಪತ್ರಿಕೆಯಲ್ಲಿ ಸಿಟ್ಟಿನಿಂದ ಬರೆದ.

ಮಾರಾಟಕ್ಕೆ ಇಟ್ಟ ಹುಡುಗ

ಗಂಜಿ ಕೇಳಿದ ಮರುದಿನ ವರ್ಕ್‌ಹೌಸಿನ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಆಲಿವರ್‌ನನ್ನು ಕರೆದುಕೊಂಡು ಹೋಗುವವರಿಗೆ ಐದು ಪೌಂಡ್. ಮೊದಲು ಬರುವವನು ಚಿಮಣಿ ಸ್ವಚ್ಛ ಮಾಡಿಸುವವನು. ಆಗ ಕಿರಿದಾದ ಚಿಮಣಿಯೊಳಗೆ ಸಣ್ಣ ಹುಡುಗರನ್ನು ಹತ್ತಿಸಿ ಮಸಿ ಕೆರೆಸುತ್ತಿದ್ದರು. ಹುಡುಗರು ಉಸಿರುಕಟ್ಟಿ ಸಾಯುವುದಿತ್ತು. ಅದು ಗೊತ್ತಿದ್ದೂ ಮಂಡಳಿಯವರು ಚೌಕಾಸಿ ಮಾಡಿ ಐದು ಪೌಂಡನ್ನು ಮೂರೂವರೆಗೆ ಇಳಿಸುತ್ತಾರೆ. ಕೆಲಸ ಅಪಾಯದ್ದು, ಆದ್ದರಿಂದ ಕಡಿಮೆ ಕೊಟ್ಟರೆ ಸಾಕು ಎಂಬ ವಾದ! ಕಾಗದಕ್ಕೆ ಸಹಿ ಮಾಡಬೇಕಿದ್ದ ಮುದುಕ ಮ್ಯಾಜಿಸ್ಟ್ರೇಟ್ ಮಸಿಕುಡಿಕೆಗಾಗಿ ತಡಕಾಡುವಾಗ ಅಕಸ್ಮಾತ್ ಹುಡುಗನ ಮುಖ ನೋಡುತ್ತಾನೆ. ಆ ಭಯ ಕಂಡು ಸಹಿ ಮಾಡುವುದಿಲ್ಲ. ಅಲ್ಲಿಯವರೆಗೆ ಯಾರೂ ಅವನ ಮುಖ ನೋಡಿರಲಿಲ್ಲ.

ಆಮೇಲೆ ಅವನನ್ನು ಶವಪೆಟ್ಟಿಗೆ ಮಾಡುವವನ ಅಂಗಡಿಗೆ ಕೊಡುತ್ತಾರೆ. ಮೊದಲ ರಾತ್ರಿ ಅಲ್ಲಿ ಸಿಗುವ ಊಟ, ನಾಯಿಗೆಂದು ತೆಗೆದಿಟ್ಟ ಮಾಂಸದ ಚೂರುಗಳು. ಅವನು ಅದನ್ನು ಹರಿದು ಹರಿದು ತಿನ್ನುತ್ತಾನೆ. ಮುಂದೊಂದು ದಿನ ಸತ್ತ ತಾಯಿಯ ಬಗ್ಗೆ ಕೆಟ್ಟ ಮಾತಾಡಿದ ದೊಡ್ಡ ಹುಡುಗನನ್ನು ಹೊಡೆದು ಕೆಡವುತ್ತಾನೆ. ಓಡಿ ಬಂದ ಬಂಬಲ್ ಮನೆಯೊಡತಿಗೆ ಹೇಳುವ ಕಾರಣ ಹೀಗಿದೆ. ಇದು ಹುಚ್ಚಲ್ಲಮ್ಮ, ಮಾಂಸ. ನೀವು ಜಾಸ್ತಿ ತಿನ್ನಿಸಿದ್ದೀರಿ, ಬರೀ ಗಂಜಿಯ ಮೇಲೆ ಇಟ್ಟಿದ್ದರೆ ಹೀಗೆ ಆಗುತ್ತಿರಲಿಲ್ಲ.

ಈ ಮಾತು ಓದಿ ನಗು ಬರಬಹುದು. ಆದರೆ ಬಂಬಲ್‌ಗೆ ಒಂದು ಸತ್ಯ ಚೆನ್ನಾಗಿ ಗೊತ್ತಿದೆ. ಹಸಿದವನು ಎದುರು ಮಾತಾಡುವುದಿಲ್ಲ. ಗಂಜಿ ತೆಳ್ಳಗಿದ್ದರೆ ದುಡ್ಡು ಉಳಿಯುತ್ತದೆ, ಜೊತೆಗೆ ಹುಡುಗನ ತಲೆಯೂ ತಗ್ಗಿಯೇ ಇರುತ್ತದೆ.

ಹೊಟ್ಟೆ ತುಂಬಿಸಿದವರು ಯಾರು?

ಆಲಿವರ್ ಓಡಿಹೋಗುತ್ತಾನೆ. ಲಂಡನ್ನಿಗೆ ಎಪ್ಪತ್ತು ಮೈಲಿ. ಏಳನೇ ದಿನ ಬಾರ್ನೆಟ್ ಎಂಬ ಊರಿನಲ್ಲಿ ಕಾಲು ಸೋತು ಕೂತಿರುವಾಗ ಒಬ್ಬ ಹುಡುಗ ಹತ್ತಿರ ಬಂದು ಮಾತಾಡಿಸಿ ಬ್ರೆಡ್ಡು, ಹಂದಿ ಮಾಂಸ ಕೊಡಿಸುತ್ತಾನೆ. ಅವನು ಜೇಬುಗಳ್ಳ. ಅವನು ಕರೆದುಕೊಂಡು ಹೋಗುವ ಮನೆಯಲ್ಲಿ ಕಳ್ಳರ ಯಜಮಾನ ಫೇಗಿನ್ ಒಲೆಯ ಮೇಲೆ ಸಾಸೇಜ್ ಹುರಿಯುತ್ತಿರುತ್ತಾನೆ. ಬಡವರ ಊಟಕ್ಕೆಂದೇ ತೆರಿಗೆ ಎತ್ತುವ ಮಂಡಳಿ ಹಾಕದ ಊಟವನ್ನು ಕಳ್ಳರು ಹಾಕುತ್ತಾರೆ. ಅವರಿಗೂ ಸ್ವಾರ್ಥ ಇದೆ, ಹುಡುಗನನ್ನು ಕಳ್ಳತನಕ್ಕೆ ಹಚ್ಚಬೇಕು. ಆದರೆ ಹಸಿದ ಮಗು ಯಾಕೆ ಅವರ ಹಿಂದೆ ಹೋಯಿತು ಎಂಬುದು ಓದುಗರಿಗೆ ಅರ್ಥವಾಗುತ್ತದೆ.

ಫೇಗಿನ್ ವಿಷಯದಲ್ಲಿ ಡಿಕನ್ಸ್ ಮಾಡಿದ ತಪ್ಪನ್ನೂ ಹೇಳಬೇಕು. ಅವನನ್ನು ಮತ್ತೆ ಮತ್ತೆ ‘ಯಹೂದಿ’ ಎಂದೇ ಕರೆದು ಇಡೀ ಸಮುದಾಯಕ್ಕೆ ಮಸಿ ಬಳಿದ. 1863ರಲ್ಲಿ ಒಬ್ಬ ಯಹೂದಿ ಮಹಿಳೆ ಪತ್ರ ಬರೆದು ಇದನ್ನು ನೇರವಾಗಿ ಕೇಳಿದರು. ಮುಂದಿನ ಮುದ್ರಣದಲ್ಲಿ ಅವನು ಆ ಪದವನ್ನು ಹಲವು ಕಡೆ ತೆಗೆದುಹಾಕಿದ. ಬಡ ಮಕ್ಕಳ ನೋವು ಕಂಡ ಕಣ್ಣಿಗೂ ಇದು ಮೊದಲು ಕಂಡಿರಲಿಲ್ಲ.

ಬರೆದವನಿಗೆ ಹಸಿವು ಹೇಗೆ ಗೊತ್ತು?

1824ರಲ್ಲಿ ಡಿಕನ್ಸ್‌ನ ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್‌ಸೀ ಜೈಲು ಸೇರಿದ. ಹುಡುಗನಿಗೆ ಹನ್ನೆರಡು ವರ್ಷ. ಅವನನ್ನು ಥೇಮ್ಸ್ ನದಿ ದಡದಲ್ಲಿದ್ದ ಬೂಟ್ ಪಾಲಿಶ್ ಕಾರ್ಖಾನೆಗೆ ಕೆಲಸಕ್ಕೆ ಹಾಕಿದರು. ಡಬ್ಬಿಗಳಿಗೆ ಕಾಗದ ಮುಚ್ಚಿ, ದಾರ ಕಟ್ಟಿ, ಲೇಬಲ್ ಅಂಟಿಸುವುದು. ವಾರಕ್ಕೆ ಆರು ಶಿಲ್ಲಿಂಗ್, ಆಮೇಲೆ ಏಳು.

ಆ ಸಂಬಳದಲ್ಲಿ ವಾರವಿಡೀ ಊಟ ನಡೆಯಬೇಕು. ಅವನು ಹಣವನ್ನು ಆರು ಪೊಟ್ಟಣ ಕಟ್ಟಿ, ಒಂದೊಂದರ ಮೇಲೆ ಒಂದೊಂದು ದಿನದ ಹೆಸರು ಬರೆದು ಇಡುತ್ತಿದ್ದನಂತೆ. ಆದರೂ ಬೆಳಿಗ್ಗೆ ಮಿಠಾಯಿ ಅಂಗಡಿ ಮುಂದೆ ಅರ್ಧ ಬೆಲೆಗೆ ಇಟ್ಟ ಹಿಂದಿನ ದಿನದ ತಿಂಡಿ ಕಂಡರೆ ತಡೆಯಲಾಗದೆ ಮಧ್ಯಾಹ್ನದ ಊಟದ ದುಡ್ಡನ್ನು ಅಲ್ಲೇ ಖರ್ಚು ಮಾಡುತ್ತಿದ್ದ. ಹನ್ನೆರಡು ವರ್ಷದ ಮಗು ಅಲ್ವಾ? ಈ ಕಥೆಯನ್ನು ಅವನು ಬದುಕಿದ್ದಷ್ಟು ದಿನ ಓದುಗರಿಂದ ಮುಚ್ಚಿಟ್ಟ. 1870ರಲ್ಲಿ ಅವನು ಸತ್ತ ಮೇಲೆ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಎಲ್ಲರಿಗೂ ಗೊತ್ತಾಯಿತು. ಆ ಕಾರ್ಖಾನೆಯಲ್ಲಿ ಅವನಿಗೆ ನೆರವಾದ ಹುಡುಗನ ಹೆಸರು ಬಾಬ್ ಫೇಗಿನ್.

ಇನ್ನೊಂದು ಸಂಗತಿ ಇತ್ತೀಚೆಗೆ ಬೆಳಕಿಗೆ ಬಂತು. ಡಿಕನ್ಸ್ ಚಿಕ್ಕವನಿದ್ದಾಗ ಒಮ್ಮೆ, ಹದಿವಯಸ್ಸಿನ ಕೊನೆಯಲ್ಲಿ ಇನ್ನೊಮ್ಮೆ ವಾಸವಿದ್ದ ಬಾಡಿಗೆ ಮನೆ ಲಂಡನ್ನಿನ ಒಂದು ನಿಜವಾದ ವರ್ಕ್‌ಹೌಸಿನಿಂದ ಕೆಲವೇ ಹೆಜ್ಜೆ ದೂರದಲ್ಲಿತ್ತು. ಕ್ಲೀವ್‌ಲ್ಯಾಂಡ್ ಬೀದಿಯ ಆ ಕಟ್ಟಡವನ್ನು ಕೆಡವಲು ಹೊರಟಾಗ ಇತಿಹಾಸಕಾರ್ತಿ ರೂತ್ ರಿಚರ್ಡ್‌ಸನ್ ಈ ನಂಟನ್ನು ತೋರಿಸಿದರು. 2011ರಲ್ಲಿ ಕಟ್ಟಡಕ್ಕೆ ಸರ್ಕಾರದ ರಕ್ಷಣೆ ಸಿಕ್ಕಿತು.

ಜಾಸ್ತಿ ಹೇಳಿದನಾ?

ಸ್ವಲ್ಪ ಹೌದು. ವರ್ಕ್‌ಹೌಸ್‌ಗಳನ್ನು ನೋಡಿಕೊಳ್ಳಲು ಸರ್ಕಾರ ನೇಮಿಸಿದ್ದ ಆಯೋಗ ಹೊರಡಿಸಿದ್ದ ಮಾದರಿ ಊಟದ ಪಟ್ಟಿಗಳಲ್ಲಿ ಬರೀ ಗಂಜಿ ಇರಲಿಲ್ಲ. ಬ್ರೆಡ್ಡು, ಚೀಸು, ವಾರದಲ್ಲಿ ಕೆಲವು ದಿನ ಮಾಂಸ, ಸೂಪು ಇತ್ತು. ಕಾದಂಬರಿಯಲ್ಲಿ ಹಳೆಯ ಕಾಯ್ದೆಯ ಕಾಲದ ಕಳ್ಳಾಟವನ್ನೂ ಹೊಸ ಕಾಯ್ದೆಯ ಜಿಪುಣತನವನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ್ದಾನೆ.

ಆದರೆ ಆ ಪಟ್ಟಿಗಳ ಕೆಳಗೆ ಒಂದು ಟಿಪ್ಪಣಿ ಇರುತ್ತಿತ್ತು. ಒಂಬತ್ತು ವರ್ಷ ಮೀರಿದ ಮಕ್ಕಳಿಗೆ ಹೆಂಗಸರಷ್ಟೇ ಅಳತೆ. ಅದಕ್ಕಿಂತ ಚಿಕ್ಕವರಿಗೆ ಎಷ್ಟು ಕೊಡಬೇಕು ಎಂಬುದು ನಡೆಸುವವರ ವಿವೇಚನೆಗೆ ಬಿಟ್ಟಿದ್ದು. ಅತಿ ಚಿಕ್ಕ ಮಕ್ಕಳ ಊಟಕ್ಕೇ ನಿಗದಿ ಇಲ್ಲ. ಬಂಬಲ್, ಮಿಸೆಸ್ ಮ್ಯಾನ್ ಅಂಥವರ ವಿವೇಚನೆ ಹೇಗಿರುತ್ತದೆ ಎಂಬುದನ್ನು ಡಿಕನ್ಸ್ ತೋರಿಸಿದ.

ಮತ್ತೆ, ಕಾಗದದ ಮೇಲಿದ್ದದ್ದು ಬಟ್ಟಲಿಗೆ ಬರುತ್ತಿತ್ತು ಎಂದೇನಿಲ್ಲ. 1845ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನ ಸುದ್ದಿ ಹೊರಬಿತ್ತು. ಗೊಬ್ಬರಕ್ಕಾಗಿ ಪ್ರಾಣಿಗಳ ಮೂಳೆ ಕುಟ್ಟುವುದು ಅಲ್ಲಿನವರ ಕೆಲಸ. ಹಸಿವು ತಾಳದೆ ಅವರು ಆ ಕೊಳೆತ ಮೂಳೆಗಳಿಗೆ ಅಂಟಿದ ಮಾಂಸವನ್ನು, ಒಳಗಿನ ಮಜ್ಜೆಯನ್ನು ಕಿತ್ತಾಡಿಕೊಂಡು ತಿನ್ನುತ್ತಿದ್ದರು. ಸಂಸತ್ತು ತನಿಖೆ ನಡೆಸಿತು. 1847ರಲ್ಲಿ ಆ ಆಯೋಗವನ್ನೇ ಮುಚ್ಚಿದರು. ವರ್ಕ್‌ಹೌಸ್‌ಗಳು ಮಾತ್ರ 20ನೇ ಶತಮಾನದವರೆಗೂ ನಡೆದವು.

ಅದೇ ಲೆಕ್ಕ ನಮ್ಮ ಕಡೆಗೆ ಬಂದಾಗ

ಇಷ್ಟು ದೂರದ ಕಥೆ ನಮಗೆ ಯಾಕೆ ಅನ್ನಿಸಿದರೆ ಧಾತು ಈಶ್ವರ ಬರಗಾಲ ನೆನಪಿಸಿಕೊಳ್ಳಿ. 1876ರಿಂದ 1878ರವರೆಗೆ ಮೈಸೂರು, ಬಳ್ಳಾರಿ, ಮದ್ರಾಸ್ ಸೀಮೆಗಳನ್ನು ಬಡಿದ ಬರ ಅದು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು.

1877ರ ಆರಂಭದಲ್ಲಿ ವೈಸ್‌ರಾಯ್ ಕಡೆಯಿಂದ ಬಂದ ರಿಚರ್ಡ್ ಟೆಂಪಲ್ ಬರ ಪರಿಹಾರದ ಕೂಲಿಯನ್ನು ಇಳಿಸಿದ. ಕಲ್ಲು ಒಡೆದು, ಮಣ್ಣು ಹೊತ್ತ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಜಾಸ್ತಿ ಕೊಟ್ಟರೆ ಜನ ಪರಿಹಾರಕ್ಕೇ ಅಂಟಿಕೊಳ್ಳುತ್ತಾರೆ ಎಂಬ ಅದೇ ಹಳೆಯ ವಾದ. ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಷ್ ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ವಾದಿಸಿದರು. ಪಟ್ಟಿಗೂ ಹೊಟ್ಟೆಗೂ ಆಗುವ ಅದೇ ಜಗಳ ಇಲ್ಲಿಯೂ ನಡೆಯಿತು.

ಬ್ರಿಟನ್ನಿನಲ್ಲಿ ಶಾಲಾ ಮಕ್ಕಳಿಗೆ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟ ಕಾಯ್ದೆ ಬಂದದ್ದು 1906ರಲ್ಲಿ. ನಮ್ಮಲ್ಲಿ 2001ರ ನವೆಂಬರಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ, "ನಮ್ಮ ಸ್ಕೂಲಲ್ಲಿ ಬಿಸಿಯೂಟ ಎರಡನೇ ಸಲ ಕೇಳಿದ್ರೆ ಹಾಕ್ತಾರೆ" ಅಂದಳು.

ಡಿಕ್

ಆಲಿವರ್‌ಗೆ ಕೊನೆಗೆ ಒಳ್ಳೆಯದಾಗುತ್ತದೆ. ಅವನನ್ನು ಪ್ರೀತಿಸುವವರು ಸಿಗುತ್ತಾರೆ, ಆಸ್ತಿಯೂ ಸಿಗುತ್ತದೆ. ಬಂಬಲ್ ಅದೇ ವರ್ಕ್‌ಹೌಸಿನಲ್ಲಿ ಭಿಕಾರಿಯಾಗಿ ಸೇರುತ್ತಾನೆ. ಪಾಠವೂ ಸಿನಿಮಾಗಳೂ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ.

ಆದರೆ ಕಾದಂಬರಿಯಲ್ಲಿ ಡಿಕ್ ಎಂಬ ಇನ್ನೊಬ್ಬ ಪುಟ್ಟ ಹುಡುಗ ಇದ್ದಾನೆ. ಮಿಸೆಸ್ ಮ್ಯಾನ್ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಏಟು ತಿಂದವರು, ಒಟ್ಟಿಗೆ ಹಸಿದವರು. ಆಲಿವರ್ ಲಂಡನ್ನಿಗೆ ಓಡಿಹೋಗುವ ಬೆಳಿಗ್ಗೆ ಡಿಕ್ ತೋಟದಲ್ಲಿ ಕಳೆ ಕೀಳುತ್ತಿರುತ್ತಾನೆ. ತಾನು ಸಾಯುತ್ತಿದ್ದೇನೆ ಎಂದು ಡಾಕ್ಟರು ಹೇಳಿದ್ದು ಅವನಿಗೆ ಕೇಳಿಸಿದೆ. ಗೇಟಿನ ಮೇಲೆ ಹತ್ತಿ ಆಲಿವರ್‌ನ ಕುತ್ತಿಗೆ ತಬ್ಬಿಕೊಂಡು, ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ ಅನ್ನುತ್ತಾನೆ. ಆಲಿವರ್‌ಗೆ ಹುಟ್ಟಿದಾಗಿನಿಂದ ಸಿಕ್ಕ ಮೊದಲ ಹಾರೈಕೆ ಅದು.

ಎಲ್ಲ ಕಷ್ಟ ಮುಗಿದ ಮೇಲೆ ಆಲಿವರ್ ಗಾಡಿಯಲ್ಲಿ ಊರಿಗೆ ವಾಪಸು ಬರುತ್ತಾನೆ. ದಾರಿಯುದ್ದಕ್ಕೂ ಡಿಕ್‌ನದೇ ಮಾತು. ಅವನನ್ನು ಕರೆದುಕೊಂಡು ಹೋಗಬೇಕು, ಬಟ್ಟೆ ಕೊಡಿಸಬೇಕು, ಓದಿಸಬೇಕು, ಹಳ್ಳಿಯ ಒಳ್ಳೆ ಗಾಳಿಯಲ್ಲಿ ಅವನು ಗಟ್ಟಿಯಾಗಬೇಕು. ಸಂಜೆ ಆಲಿವರ್ ಕಣ್ಣೀರು ಸುರಿಸುತ್ತಾ ಒಳಗೆ ಬರುತ್ತಾನೆ. ಎಲ್ಲಿಗೆ ಹೋಗಿದ್ದೆ, ಏನಾಯಿತು ಮಗು ಎಂದು ದೊಡ್ಡವರು ಕೇಳುತ್ತಾರೆ.

ಪಾಪದ ಡಿಕ್ ಸತ್ತುಹೋಗಿದ್ದ ಎಂಬ ಸಾಲಿನೊಂದಿಗೆ 51ನೇ ಅಧ್ಯಾಯ ಮುಗಿಯುತ್ತದೆ.